ಬಣ್ಣ, ಅಂಕಿ, ಹಾಡು ಆಯ್ತು, ಮುಂದೇನು? ನ್ಯೂಜಿಲೆಂಡ್ ಶಾಲೆಗಳಲ್ಲಿ ಮಾವೊರಿ ಕಲಿಕೆ

ನಮಸ್ಕಾರ. ನ್ಯೂಜಿಲೆಂಡಿನ ಮೂಲನಿವಾಸಿಗಳು ಮಾವೊರಿ, ಅವರ ಭಾಷೆಯ ಹೆಸರೂ ಅದೇ. ಮೊದಲು ಆ ಹೆಸರನ್ನೇ ಸರಿಯಾಗಿ ಹೇಳೋಣ. ಕನ್ನಡ ಪತ್ರಿಕೆಗಳಲ್ಲಿ ‘ಮಾವೋರಿ’ ಅಂತ ಅಚ್ಚಾಗುತ್ತೆ. ಮಾ ದೀರ್ಘ, ಅದು ಸರಿ. ಆಮೇಲೆ ಬರೋದು ಹ್ರಸ್ವ ಒ, ಕೊನೆಯ ರಿ ಕೂಡ ಹ್ರಸ್ವ. ಮಾ-ಒ-ರಿ. ಬರೆಯುವಾಗ ಮಾವೊರಿ ಅಂದರೆ ಸಾಕು. ಆ ಭಾಷೆಗೆ ತೆ ರೆಒ ಅಂತಾರೆ. ರೆಒ ಅಂದರೆ ದನಿ, ಮಾತು, ಭಾಷೆ.

ಇವತ್ತಿನ ಮಾತು ನ್ಯೂಜಿಲೆಂಡಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ. ಭಾಷೆ ಹೇಗೆ ಕಲಿಸಬೇಕು ಅಂತ ಯೋಚಿಸುವ ಬೇರೆಯವರೂ ಕೇಳಬಹುದು. ನನ್ನ ತಕರಾರು ಇಷ್ಟೇ. ಇಂಗ್ಲಿಷ್ ಮಾಧ್ಯಮದ ಎಷ್ಟೋ ಶಾಲೆಗಳಲ್ಲಿ ತೆ ರೆಒ ಪಾಠ ಬಣ್ಣ, ಅಂಕಿ, ಹಾಡಿಗೇ ನಿಂತುಬಿಡುತ್ತೆ. ಮೊದಲನೇ ವರ್ಷ ತಹಿ, ರುಅ, ತೊರು, ಅಂದರೆ ಒಂದು, ಎರಡು, ಮೂರು. ಐದನೇ ವರ್ಷವೂ ತಹಿ, ರುಅ, ತೊರು. ಮಗುವಿಗೆ ಹತ್ತರವರೆಗೆ ಎಣಿಸೋಕೆ ಬರುತ್ತೆ, ಆದರೆ ‘ನಂಗೆ ಹಸಿವಾಗ್ತಿದೆ’ ಅನ್ನೋಕೆ ಬರಲ್ಲ. ಇದನ್ನು ಭಾಷೆ ಕಲಿಕೆ ಅಂತ ಒಪ್ಪಿಕೊಳ್ಳಬಾರದು.

ಇದಕ್ಕೆ ಯಾಕಿಷ್ಟು ಒತ್ತು ಕೊಡ್ತೀನಿ ಅಂದರೆ, ಆ ಭಾಷೆಯನ್ನು ಮಕ್ಕಳ ಬಾಯಿಂದ ಕಿತ್ತುಕೊಂಡ ಜಾಗಗಳಲ್ಲಿ ಶಾಲೆಯೂ ಒಂದು. 1867ರ ನೇಟಿವ್ ಸ್ಕೂಲ್ಸ್ ಕಾಯ್ದೆ ಮಾವೊರಿ ಹಳ್ಳಿಗಳ ಶಾಲೆಯಲ್ಲಿ ಇಂಗ್ಲಿಷನ್ನೇ ಬೋಧನೆಯ ಭಾಷೆ ಮಾಡಿತು. ಆಮೇಲಿನ ದಶಕಗಳಲ್ಲಿ ಶಾಲೆಯ ಅಂಗಳದಲ್ಲಿ ಮಾವೊರಿ ಮಾತಾಡಿದ ಮಕ್ಕಳಿಗೆ ಏಟು ಬಿದ್ದಿದೆ. ಏಟು ತಿಂದವರು ತಮ್ಮ ಮಕ್ಕಳಿಗೆ ಆ ಕಷ್ಟ ಬೇಡ ಅಂತ ಮನೆಯಲ್ಲೂ ಇಂಗ್ಲಿಷಿಗೆ ಹೊರಳಿದರು. 1972ರ ಸೆಪ್ಟೆಂಬರ್ 14ರಂದು, ಶಾಲೆಗಳಲ್ಲಿ ಮಾವೊರಿ ಕಲಿಸಿ ಅಂತ 30,000ಕ್ಕೂ ಹೆಚ್ಚು ಸಹಿ ಇದ್ದ ಮನವಿ ಸಂಸತ್ತಿಗೆ ಹೋಯಿತು. ಅದರ ಹಿಂದೆ ಙಾ ತಮತೊಅ ಎಂಬ ಯುವಕರ ಗುಂಪು, ಹಾನ ತೆ ಹೇಮರ ಅವರಂಥವರು ಇದ್ದರು. 1982ರಲ್ಲಿ ವೆಲಿಂಗ್ಟನ್ ಹತ್ತಿರದ ವೈನುಇಒಮಾತದಲ್ಲಿ ಮೊದಲ ಕೋಹಙ ರೆಒ ತೆರೆಯಿತು. ಹೆಸರಿನ ಅರ್ಥ ‘ಭಾಷೆಯ ಗೂಡು’. ಶಾಲೆಗೆ ಹೋಗುವ ಮೊದಲೇ ಹಿರಿಯರ ಜೊತೆ ಪೂರ್ತಿ ಮಾವೊರಿಯಲ್ಲೇ ಬೆಳೆಯುವ ಶಿಶುವಿಹಾರ. 1985ರಲ್ಲಿ ಪಶ್ಚಿಮ ಆಕ್ಲೆಂಡಿನ ಹೋಅನಿ ವೈತಿತಿ ಮರಎಯಲ್ಲಿ (ಮರಎ ಅಂದರೆ ಮಾವೊರಿ ಸಮುದಾಯ ಸೇರುವ ಅಂಗಳ, ಮನೆಗಳ ಜಾಗ) ಮೊದಲ ಕುರ ಕೌಪಪ, ಅಂದರೆ ಮಾವೊರಿ ಮಾಧ್ಯಮದ ಶಾಲೆ. 1987ರಲ್ಲಿ ಅಧಿಕೃತ ಭಾಷೆಯ ಸ್ಥಾನ. ಇಷ್ಟಾದರೂ 2023ರ ಜನಗಣತಿಯಲ್ಲಿ ಆ ಭಾಷೆಯಲ್ಲಿ ಮಾತಾಡಬಲ್ಲವರು ಇಡೀ ದೇಶದಲ್ಲಿ ನೂರಕ್ಕೆ ನಾಲ್ಕು ಜನರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಶಾಲೆ ಕಸಿದದ್ದನ್ನು ಶಾಲೆ ವಾಪಸ್ ಕೊಡಬೇಕು. ಪೂರ್ತಿ ವಾಕ್ಯಗಳಲ್ಲಿ ಕೊಡಬೇಕು.

ನಿಮ್ಮ ಮಗುವಿಗೆ ಎಷ್ಟು ಸಿಗುತ್ತಿದೆ ಅಂತ ತಿಳಿಯೋಕೆ ಒಂದು ಅಳತೆಗೋಲಿದೆ. ಶಿಕ್ಷಣ ಇಲಾಖೆ ಮಾವೊರಿ ಕಲಿಕೆಯನ್ನು ಆರು ಹಂತ ಮಾಡಿದೆ. ಮೊದಲ ಹಂತದಲ್ಲಿ ಪಾಠದ ಸಮಯದಲ್ಲಿ ಶೇಕಡ 81ರಿಂದ 100 ಮಾವೊರಿ, ಎರಡರಲ್ಲಿ 51ರಿಂದ 80, ಮೂರರಲ್ಲಿ 31ರಿಂದ 50. ನಾಲ್ಕನೆಯದಕ್ಕೆ ವಾರಕ್ಕೆ ಕನಿಷ್ಠ ಮೂರು ಗಂಟೆ ಬೇಕು, ದಿನಕ್ಕೆ 36 ನಿಮಿಷ ಅಂತಿಟ್ಟುಕೊಳ್ಳಿ. ಐದು ಅಂದರೆ ಅದಕ್ಕಿಂತ ಕಡಿಮೆ. ಆರು ಅಂದರೆ ನಮಸ್ಕಾರ, ಕೆಲವು ಪದ, ಒಂದೆರಡು ಹಾಡು. ಪೋಷಕರ ಸಭೆಯಲ್ಲಿ ‘ಮಾವೊರಿ ಕಲಿಸ್ತೀರಾ’ ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. ‘ಯಾವ ಹಂತ, ವಾರಕ್ಕೆ ಎಷ್ಟು ನಿಮಿಷ, ಹೋದ ವರ್ಷ ಎಲ್ಲಿಗೆ ನಿಲ್ಲಿಸಿದ್ರಿ’ ಅಂತ ಕೇಳಿ. ಮೂರನೇ ಪ್ರಶ್ನೆಗೆ ಉತ್ತರ ತಡವರಿಸಿತು ಅಂದರೆ ರೋಗ ಅಲ್ಲೇ ಇದೆ. ಪ್ರತಿ ವರ್ಷ ಹೊಸ ಶಿಕ್ಷಕರು ಮೊದಲಿಂದ ಶುರು ಮಾಡ್ತಾರೆ, ಯಾಕಂದರೆ ಹಿಂದಿನವರು ಎಲ್ಲಿವರೆಗೆ ಮುಟ್ಟಿಸಿದ್ದರು ಅಂತ ಯಾರೂ ಬರೆದಿಟ್ಟಿರಲ್ಲ.

‘ನಮಗೇ ಬರಲ್ಲ, ಮನೆಯಲ್ಲಿ ಏನು ಸಹಾಯ ಮಾಡೋದು’ ಅಂತ ಕೈಚೆಲ್ಲುವವರಿದ್ದಾರೆ. ಉಚ್ಚಾರಣೆ ಮಟ್ಟಿಗೆ ಕನ್ನಡದ ಮನೆಗೆ ಇರುವ ಅನುಕೂಲ ಇಂಗ್ಲಿಷ್ ಮನೆಗಿಲ್ಲ. ಮಾವೊರಿಯಲ್ಲಿ ಐದು ಸ್ವರ, ಹ್ರಸ್ವ ಮತ್ತು ದೀರ್ಘ. ದೀರ್ಘ ಸ್ವರದ ಮೇಲೆ ಅಡ್ಡಗೆರೆ ಹಾಕ್ತಾರೆ, ಅದಕ್ಕೆ ತೊಹುತೋ ಅಂತ ಹೆಸರು. ಎ-ಏ, ಒ-ಓ ಬೇರೆ ಮಾಡೋಕೆ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆ ಬೇರೆ, ಕೇರೆ ಹಾವು ಬೇರೆ. ಹಾಗೇ ಅಲ್ಲಿ ಕೆಕೆ ಅಂದರೆ ಕೇಕು, ಕೇಕೇ ಅಂದರೆ ಕಂಕುಳು. ವಹಿನೆ ಒಬ್ಬ ಹೆಂಗಸು, ವಾಹಿನೆ ಹಲವು ಹೆಂಗಸರು. ತಙತ ಒಬ್ಬ ವ್ಯಕ್ತಿ, ತಾಙತ ಜನ. ಕೆಲವು ಪದಗಳಲ್ಲಿ ಬಹುವಚನ ಬರೀ ಒಂದು ದೀರ್ಘದಲ್ಲಿದೆ. ಹಾಗಾಗಿ ಬರೆಯುವಾಗ ಆ ಗೆರೆ ಬಿಟ್ಟರೆ ಮಗುವನ್ನು ತಿದ್ದಿ. ಅದು ಬರೀ ಅಲಂಕಾರ ಅಲ್ಲ.

ಇನ್ನು ಙ. ಕ ಖ ಗ ಘ ಙ ಅಂತ ವರ್ಣಮಾಲೆಯಲ್ಲಿ ಹಾಡಿಕೊಂಡು ಬಂದು, ಆಮೇಲೆ ಬಿಡಿಯಾಗಿ ಯಾವತ್ತೂ ಬಳಸದ ಅಕ್ಷರ. ಮಾವೊರಿಯಲ್ಲಿ ಅದಿಲ್ಲದೆ ದಿನ ಕಳೆಯಲ್ಲ. ಪದದ ಶುರುವಿನಲ್ಲೇ ಬರುತ್ತೆ: ಙಾ, ಆಮೇಲೆ ಬುಡಕಟ್ಟುಗಳ ಹೆಸರಾದ ಙಾಪುಹಿ, ಙಾಯ್ ತಹು. ಅದನ್ನು ‘ನಾ’ ಅಂತಲೋ ‘ಙ್ಗಾ’ ಅಂತಲೋ ಕೆಡಿಸ್ತಾರೆ. ಮಗುವಿಗೆ ಹೀಗೆ ಹೇಳಿಕೊಡಿ. ‘ಅಂಗಡಿ’ ಅಂತ ನಿಧಾನಕ್ಕೆ ಶುರು ಮಾಡಿ, ‘ಅಂ’ ಹತ್ತಿರ ನಿಲ್ಲಿಸಬೇಕು. ನಾಲಿಗೆಯ ಹಿಂಭಾಗ ಮೇಲೆ ಅಂಟಿಕೊಂಡಿರುತ್ತೆ, ದನಿ ಮೂಗಿಂದ ಬರುತ್ತಿರುತ್ತೆ. ಅದನ್ನು ಹಾಗೇ ಹಿಡಿದುಕೊಂಡು, ಗ ಹೊರಗೆ ಬೀಳದ ಹಾಗೆ ಆ ಸೇರಿಸಲಿ. ಅ-ಙ್-ಙಾ. ಕೊನೆಗೆ ಮುಂದಿನ ಅ ಬಿಟ್ಟುಬಿಡಲಿ. ಒಂದೆರಡು ದಿನ ಹೀಗೆ ಆಡಿಸಿದರೆ ಬಂದುಬಿಡುತ್ತೆ. ಪ, ಕ ನಮ್ಮವೇ, ಮಹಾಪ್ರಾಣ ಬೇಡ. ರ ನಾಲಿಗೆ ತುದಿ ಒಂದು ಸಲ ತಟ್ಟುವ ನಮ್ಮ ರ. ಫ಼ಾನೌ, ಅಂದರೆ ಕುಟುಂಬ, ಅನ್ನುವಾಗ ಹೆಚ್ಚಿನ ಕಡೆ ‘ಕಾಫಿ’ಯ ಫ಼, ತರನಕಿ ಮತ್ತು ಫ಼ಙನುಇ ಸೀಮೆಯಲ್ಲಿ ಮಾತ್ರ ಬೇರೆ ಥರ. ಅಲ್ಲಿ ಅದು ವ ಥರ ಕೇಳಿಸುತ್ತೆ, ಜೊತೆಗೆ ಗಂಟಲಲ್ಲಿ ಸಣ್ಣ ತಡೆ.

ಉಚ್ಚಾರ ಸುಲಭ, ಸರಿ. ನಮ್ಮವರು ಎಡವೋದು ವಾಕ್ಯದಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಅಲ್ಲಿ ಮೊದಲಿಗೆ. ‘ಕೆಯ್ ತೆ ಹಎರೆ ಔ ಕಿ ತೆ ಕುರ’: ಹೋಗ್ತಾ ಇದ್ದೀನಿ, ನಾನು, ಶಾಲೆಗೆ. ನಾವು ‘ಕೆಂಪು ಕೋಲು’ ಅಂದರೆ ಅವರು ‘ರಾಕೌ ಫ಼ೆರೊ’, ಕೋಲು ಕೆಂಪು. ಇನ್ನೊಂದು ‘ನಾವು’. ಕನ್ನಡದ ಒಂದು ‘ನಾವು’ಗೆ ಅಲ್ಲಿ ನಾಲ್ಕು ಪದ. ನಾನು ನೀನು ಇಬ್ಬರೇ ಅಂದರೆ ತಾಉಅ. ನಾನು ಮತ್ತು ಇನ್ನೊಬ್ಬರು, ನೀನಲ್ಲ ಅಂದರೆ ಮಾಉಅ. ಮೂರು ಅಥವಾ ಹೆಚ್ಚು ಜನ, ನೀನೂ ಸೇರಿ ಅಂದರೆ ತಾತೊಉ. ನಿನ್ನನ್ನು ಬಿಟ್ಟು ಅಂದರೆ ಮಾತೊಉ. ಮನೆಯಲ್ಲಿ ತುಳು ಮಾತಾಡುವವರಿಗೆ ಇದರ ಅರ್ಧ ಆಗಲೇ ಗೊತ್ತು. ನಮ ಬೇರೆ, ಎಂಕುಳು ಬೇರೆ ಅಲ್ವಾ? ಅದೇ ಜಾಣ್ಮೆ, ಜೊತೆಗೆ ದ್ವಿವಚನ. ಈ ವ್ಯತ್ಯಾಸವನ್ನು ಹಾಳೆಯ ಮೇಲೆ ಪಟ್ಟಿ ಮಾಡಿ ಕಲಿಸಿದರೆ ಮಗು ಮರೆಯುತ್ತೆ. ನಾಲ್ಕು ಜನರನ್ನು ನಿಲ್ಲಿಸಿ, ಕೈ ತೋರಿಸಿ, ಒಬ್ಬರನ್ನು ಸೇರಿಸಿ ಒಬ್ಬರನ್ನು ಬಿಟ್ಟು ಹೇಳಿಸಿದರೆ ಮರೆಯಲ್ಲ.

ಹೀಗೆ ಕಣ್ಣೆದುರು ಇಟ್ಟು ಕಲಿಸುವ ಒಂದು ಪದ್ಧತಿ ಅಲ್ಲೇ ಬೆಳೆದು ನಿಂತಿದೆ, ಹೆಸರು ತೆ ಅತಾರಙಿ. 1970ರ ದಶಕದ ಕೊನೆಗೆ ಕಾತೆರಿನ ಮತೈರ ಮತ್ತು ಙೊಯಿ ಪೇಫ಼ೈರಙಿ ಕಟ್ಟಿದ್ದು. ಗಣಿತದ ತರಗತಿಯ ಬಣ್ಣದ ಕ್ವಿಸನೇರ್ ಕೋಲುಗಳೇ ಸಾಮಗ್ರಿ. ಒಂದು ಸೆಂಟಿಮೀಟರಿನ ಬಿಳಿ, ಎರಡರ ಕೆಂಪು, ಹೀಗೆ ಹತ್ತು ಸೆಂಟಿಮೀಟರಿನ ಕಿತ್ತಳೆವರೆಗೆ. ಶಿಕ್ಷಕಿ ಒಂದು ಕೋಲು ಎತ್ತಿ ‘ಹೆ ರಾಕೌ’ ಅಂತಾರೆ. ಆಮೇಲೆ ‘ಹೆ ರಾಕೌ ಫ಼ೆರೊ’. ಆಮೇಲೆ ‘ಹೊಮೈ ತೆ ರಾಕೌ ಫ಼ೆರೊ’, ಕೆಂಪು ಕೋಲು ಕೊಡು. ಕೋಲು ಕೈಯಿಂದ ಕೈಗೆ ಹೋಗುತ್ತೆ, ಅದರ ಜೊತೆ ವಾಕ್ಯವೂ ಹೋಗುತ್ತೆ. ಅನುವಾದ ಇಲ್ಲ, ಇಂಗ್ಲಿಷ್ ಇಲ್ಲ. ಅಲ್ಲಿನ ನಿಯಮಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು, ಪಕ್ಕದವರಿಗೆ ಉತ್ತರ ಪಿಸುಗುಟ್ಟಬಾರದು ಅನ್ನೋದು. ತಡವರಿಸುತ್ತಿರುವ ಮಗುವಿಗೆ ಸಮಯ ಕೊಡಬೇಕು, ಎಲ್ಲರೂ ಸುಮ್ಮನೆ ಕಾಯಬೇಕು. ಹತ್ತು ಸೆಕೆಂಡು ಕಾದರೆ ಪದ ಅದರ ಬಾಯಿಂದಲೇ ಬರುತ್ತೆ. ನಾವು ಮನೆಯಲ್ಲಿ ಎರಡೇ ಸೆಕೆಂಡಿಗೆ ಬಾಯಿ ಹಾಕಿಬಿಡ್ತೀವಿ, ಕನ್ನಡ ಕಲಿಸುವಾಗಲೂ ಅಷ್ಟೇ.

ಗಮನಿಸಿ, ಇಲ್ಲೂ ಬಣ್ಣ ಇದೆ, ಅಂಕಿ ಇದೆ. ಆದರೆ ಮೊದಲ ದಿನವೇ ಅವು ‘ಕೊಡು’, ‘ತಗೋ’ ಅನ್ನೋ ಕ್ರಿಯಾಪದದ ಜೊತೆ ಬರುತ್ತವೆ. ಗೋಡೆಗೆ ಅಂಟಿಸಿದ ಬಣ್ಣದ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಮತ್ತು ಅದೇ ದೊಡ್ಡದು.

ಈಗ ಸಂಪ್ರದಾಯದ ವಿಷಯ. ತಿಕಙ ಅಂತಾರೆ, ಸರಿಯಾದ ನಡೆ ಅಂತ ಅರ್ಥ. ಶಾಲೆಯಿಂದ ಮರಎಗೆ ಕರೆದುಕೊಂಡು ಹೋಗ್ತಾರೆ, ಕೆಲವೊಮ್ಮೆ ರಾತ್ರಿ ಅಲ್ಲೇ ಉಳಿಸ್ತಾರೆ. ಮಕ್ಕಳಿಗೆ ‘ಮಾಡಬೇಡಿ’ಗಳ ಪಟ್ಟಿ ಮಾತ್ರ ಕೊಟ್ಟು ಕಾರಣ ಹೇಳದಿದ್ದರೆ ಅದು ಭಯದ ಪಾಠವಾಗುತ್ತೆ. ಕಾರಣ ಕಟ್ಟಡದಲ್ಲೇ ಇದೆ. ಫ಼ರೆನುಇ, ಆ ದೊಡ್ಡ ಮನೆ, ಒಬ್ಬ ಪೂರ್ವಜರ ಶರೀರ. ಮುಂಭಾಗದ ತುದಿಯಲ್ಲಿ ಕೊರುರು, ಅದು ಮುಖ. ಅಲ್ಲಿಂದ ಎರಡು ಕಡೆ ಇಳಿಜಾರಾಗಿ ಬರುವ ಕೆತ್ತನೆಯ ಹಲಗೆ ಮೈಹಿ, ಅವು ತೋಳು. ಒಳಗೆ ತಲೆ ಎತ್ತಿದರೆ ಉದ್ದಕ್ಕೂ ಹೋಗುವ ತೊಲೆ ತಾಹುಹು, ಬೆನ್ನೆಲುಬು. ಅದರಿಂದ ಇಳಿಯುವ ಜಂತೆಗಳು ಹೆಕೆ, ಪಕ್ಕೆಲುಬು. ನಡುಕಂಬದ ಹೆಸರು ಪೊಉತೊಕೊಮನವ, ಮನವ ಅಂದರೆ ಹೃದಯ. ಗೋಡೆಯ ಪೊಉಪೊಉಗಳಲ್ಲಿ, ಅಂದರೆ ಕೆತ್ತಿದ ಕಂಬಗಳಲ್ಲಿ, ಹಿರಿಯರ ರೂಪ. ಒಳಗೆ ಹೋಗೋದು ಅಂದರೆ ಅಜ್ಜನ ಎದೆಗೂಡಿನೊಳಗೆ ಹೋದ ಹಾಗೆ. ಇದು ಗೊತ್ತಾದ ಮಗುವಿಗೆ ಒಳಗೆ ಯಾಕೆ ತಿನ್ನಬಾರದು, ಯಾಕೆ ಓಡಬಾರದು ಅಂತ ಮತ್ತೆ ಹೇಳಬೇಕಾಗಿಲ್ಲ. ತಲೆ ತಪು, ಪವಿತ್ರ. ಅದಕ್ಕೇ ತಲೆಯಿಡುವ ದಿಂಬಿನ ಮೇಲೆ ಕೂರಲ್ಲ. ಊಟ ಇಡುವ ಮೇಜಿನ ಮೇಲೂ ಕೂರಲ್ಲ. ಮಲಗಿದವರನ್ನು, ಚಾಚಿದ ಕಾಲನ್ನು ದಾಟಲ್ಲ. ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣಿಸದು.

ಸ್ವಾಗತದ ವಿಧಿ ಪೋಫ಼ಿರಿಯಲ್ಲಿ ಶಾಲೆಗಳು ತಪ್ಪೋದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಹೆಂಗಸರ ಕರಙ, ಅಂದರೆ ಕರೆ, ಕೇಳಿದ ಮೇಲೆ ಅತಿಥಿಗಳು ಒಟ್ಟಾಗಿ, ನಿಧಾನವಾಗಿ ನಡೆಯಬೇಕು. ಮಕ್ಕಳು ಚದುರಿಬಿಡ್ತಾರೆ. ಭಾಷಣ ನಡೆಯುವಾಗ ಎರಡೂ ಕಡೆಯ ನಡುವಿನ ಜಾಗ ದಾಟಬಾರದು. ಅದಕ್ಕೆ ಶೌಚಾಲಯಕ್ಕೆ ಮೊದಲೇ ಕಳಿಸಬೇಕು. ಪ್ರತಿ ಭಾಷಣದ ಬೆನ್ನಿಗೆ ಹಾಡು ಬೇಕು. ನಮ್ಮ ಕಡೆಯ ಮಾತು ಮುಗಿದಾಗ ಹಾಡು ಎತ್ತುವವರು ಯಾರು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಮಾತಾಡಿದವರಿಗೆ ಅವಮಾನ. ಆಮೇಲೆ ಹೊಙಿ: ಹಣೆ, ಮೂಗು ಮೆಲ್ಲಗೆ ಒತ್ತಿ ಉಸಿರು ಹಂಚಿಕೊಳ್ಳೋದು. ಮೂಗು ಉಜ್ಜೋದು ಅಂತ ಎಲ್ಲೆಲ್ಲೋ ಬರೆದಿರ್ತಾರೆ, ಅದು ತಪ್ಪು. ಕೊನೆಗೆ ಊಟ. ಅದು ಬರೀ ಉಪಚಾರ ಅಲ್ಲ, ವಿಧಿಯ ತಪು ಇಳಿಸುವ ಭಾಗ. ಹಾಗಾಗಿ ಊಟ ಬಿಟ್ಟು ಬಸ್ಸು ಹತ್ತೋದು ಸರಿಯಲ್ಲ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೀನಿ: ಪೆಪೆಹ. ಬೆಟ್ಟ, ನದಿ, ಪೂರ್ವಜರು ಬಂದ ದೋಣಿ, ಬುಡಕಟ್ಟು, ಆಮೇಲೆ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವ ಕ್ರಮ. ಖಾಲಿ ಜಾಗ ತುಂಬುವ ಹಾಳೆ ಕೊಟ್ಟು, ನಮ್ಮ ಮಗು ಆಕ್ಲೆಂಡಿನ ಮೌಙಫ಼ೌವನ್ನು ‘ನನ್ನ ಬೆಟ್ಟ’ ಅನ್ನುವ ಹಾಗೆ ಮಾಡ್ತಾರೆ. ಆ ಮಾತು ವಂಶದ ನಂಟು ಹೇಳುವಂಥದ್ದು, ಆ ನಂಟು ನಮಗಿಲ್ಲ. ಮಗುವಿಗೆ ನಿಜವಾದ ವಾಕ್ಯ ಕೊಡಿ. ‘ನೋ ಈನಿಅ ಓಕು ತೀಪುನ’, ನನ್ನ ಪೂರ್ವಜರು ಭಾರತದವರು. ‘ಕೆಯ್ ತಾಮಕಿ ಮಕೌರೌ ಅಹೌ ಎ ನೊಹೊ ಅನ’, ನಾನು ಆಕ್ಲೆಂಡಿನಲ್ಲಿ ವಾಸವಾಗಿದ್ದೀನಿ. ಆಮೇಲೆ ‘ಕೊ’, ಹೆಸರು, ‘ತೋಕು ಇಙೊಅ’. ಮೂರೇ ವಾಕ್ಯ, ಮೂರೂ ಸತ್ಯ. ಹೆಸರನ್ನು ಕನ್ನಡದಲ್ಲಿ ಹೇಳುವ ಹಾಗೇ ಹೇಳಲಿ, ಅಲ್ಲೂ ಉಚ್ಚಾರ ಕೆಡಿಸೋದು ಬೇಡ.

ಇದನ್ನೆಲ್ಲ ಕಲಿಸುವವರು ಯಾರು? ನ್ಯೂಜಿಲೆಂಡಿನಲ್ಲಿ ತೆ ರೆಒ ಕಡ್ಡಾಯ ವಿಷಯವಲ್ಲ. ತರಗತಿಯ ಶಿಕ್ಷಕರಲ್ಲಿ ಎಷ್ಟೋ ಜನಕ್ಕೆ ತಮಗೇ ಭಾಷೆ ಬರಲ್ಲ. ಅವರಿಗಾಗಿ ತೆ ಅಹು ಒ ತೆ ರೆಒ ಮಾವೊರಿ ಅನ್ನೋ ತರಬೇತಿ ಇತ್ತು. 2024ರಲ್ಲಿ ಸರ್ಕಾರ ಅದರ 3 ಕೋಟಿ ಡಾಲರ್ ತೆಗೆದು ಗಣಿತಕ್ಕೆ ಕೊಟ್ಟಿತು. ಗಣಿತ ಬೇಕು, ನಾನು ಬೇಡ ಅನ್ನಲ್ಲ. ಆದರೆ ಶಿಕ್ಷಕರಿಗೆ ವಾಕ್ಯ ಬರದಿದ್ದರೆ ಮಗುವಿಗೆ ಪಟ್ಟಿಯೇ ಗತಿ. ಅದು ತಪ್ಪು ನಿರ್ಧಾರ, ನೇರವಾಗಿ ಹೇಳ್ತೀನಿ. ತರಬೇತಿ ವಾಪಸ್ ಬರಲಿ ಅಂತ ಕೇಳುವವರಲ್ಲಿ ನಮ್ಮಂಥ ವಲಸಿಗರ ದನಿಯೂ ಇರಬೇಕು.

ಮನೆಯ ಮಟ್ಟಿಗೆ ವಾರಕ್ಕೆ ಎರಡು ವಾಕ್ಯ ಸಾಕು. ಆದರೆ ಪ್ರತಿಯೊಂದಕ್ಕೂ ಮನೆಯಲ್ಲಿ ಒಂದು ಜಾಗ, ಒಂದು ಹೊತ್ತು ಗೊತ್ತಾಗಿರಲಿ. ಊಟಕ್ಕೆ ಮುಂಚೆ ‘ಹೊರೊಇಅ ಓ ರಿಙರಿಙ’, ಕೈ ತೊಳ್ಕೋ. ಶಾಲೆಯಿಂದ ಬಂದ ಮಗು ‘ಕೆಯ್ ತೆ ಹಿಅಕೈ ಔ’, ಹಸಿವಾಗ್ತಿದೆ, ಅಂದ ಮೇಲೆ ತಿಂಡಿ. ವಾಕ್ಯವನ್ನು ಇಡಿಯಾಗಿ ಹೇಳಲಿ, ತುಂಡು ಮಾಡಿ ವ್ಯಾಕರಣ ಕೇಳಬೇಡಿ. ಹತ್ತು ವಾರದ ಒಂದು ಟರ್ಮಿಗೆ ಇಪ್ಪತ್ತು ವಾಕ್ಯ ಆಗುತ್ತೆ. ಯಾವುದರಿಂದ ಶುರು ಮಾಡೋದು ಅಂತ ಕೇಳಿದರೆ, ಬಾಗಿಲಿನಿಂದ. ಹೊರಗಿಂದ ಬಂದ ಮಗುವಿಗೆ ದಿನಾ ‘ಶೂ ಬಿಚ್ಚು’ ಅಂತ ಹೇಳೇ ಹೇಳ್ತೀರಿ. ನಾಳೆ ಅದನ್ನೇ ಹೀಗೆ ಹೇಳಿ: ‘ತಙೊಹಿಅ ಓ ಹೂ.’ ಫ಼ರೆನುಇಯ ಹೊಸ್ತಿಲಲ್ಲೂ ಮಗು ಅದನ್ನೇ ಕೇಳಿಸಿಕೊಳ್ಳುತ್ತೆ.