ಡ್ರೋನ್ ಮೇಲೇಳ್ತಿಲ್ವಾ? ಹೊಸ ಮೋಟಾರ್ ತರಿಸೋ ಮುಂಚೆ ವೋಲ್ಟೇಜ್ ಅಳೀರಿ

ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ, ಥ್ರಾಟಲ್ ಕಡ್ಡಿ ತುದಿವರೆಗೂ ತಳ್ಳಿದ್ದಾಗಿದೆ, ಆದ್ರೂ ಡ್ರೋನ್ ಮೊಣಕಾಲೆತ್ತರಕ್ಕೆ ಎದ್ದು ಅಲ್ಲೇ ಏದುಸಿರು ಬಿಡ್ತಿದೆ. ಅಂಗೈಯಗಲದ, ಒಂದೇ ಸೆಲ್ ಬ್ಯಾಟರಿಯ ಅಗ್ಗದ ಡ್ರೋನ್‌ಗಳಲ್ಲಿ ಇದು ಮಾಮೂಲಿ ಕಾಯಿಲೆ. ಥಟ್ಟಂತ ಹೊಳೆಯೋದು "ಮೋಟಾರ್ ಹೋಯ್ತು" ಅಂತ. ನಾಲ್ಕು ಹೊಸ ಮೋಟಾರ್ ತರಿಸಿ, ಬೆಸುಗೆ ಹಾಕಿ ಹಾರಿಸಿದ್ರೆ ಮತ್ತೆ ಅದೇ ಮೊಣಕಾಲೆತ್ತರ. ಯಾಕಂದ್ರೆ ಎಷ್ಟೋ ಸಲ ಶಕ್ತಿ ಸೋರಿ ಹೋಗ್ತಿರೋದು ಮೋಟಾರ್‌ನಲ್ಲಿ ಅಲ್ಲ, ಬ್ಯಾಟರಿಯಿಂದ ಮೋಟಾರ್‌ಗೆ ಹೋಗೋ ದಾರಿಯಲ್ಲಿ. ಇವತ್ತಿನ ವಿಡಿಯೋದಲ್ಲಿ ಆ ದಾರಿಯನ್ನೇ ಹಿಡಿದು ಹೋಗೋಣ.

ಬೇಕಾದ ಸಾಮಾನು ಹೆಚ್ಚಿಲ್ಲ. ಮಲ್ಟಿಮೀಟರ್, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, 0.6 ಅಥವಾ 0.8 ಮಿಲಿಮೀಟರ್ ಸೋಲ್ಡರ್ ತಂತಿ, ಸೋಲ್ಡರ್ ಚೆನ್ನಾಗಿ ಹರಿಯೋಕೆ ಹಚ್ಚೋ ಫ್ಲಕ್ಸ್, ಚೂಪಾದ ಚಿಮಟ, ಬೆಸುಗೆ ಜಾಗ ಒರೆಸೋಕೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್.

ಮೊದಲ ಅಳತೆ ಸುಲಭ. ಚಾರ್ಜ್ ಆದ ಬ್ಯಾಟರಿಯನ್ನ ಹತ್ತು ನಿಮಿಷ ಬಿಟ್ಟು ಮೀಟರ್ ಇಡಿ. 4.20 ವೋಲ್ಟ್ ಬರಬೇಕು, 4.15 ಇದ್ರೂ ಪರವಾಗಿಲ್ಲ. 4.1ಕ್ಕಿಂತ ಕೆಳಗಿದ್ರೆ ಒಂದೋ ಚಾರ್ಜರ್ ಮಧ್ಯದಲ್ಲೇ ನಿಲ್ಲಿಸಿದೆ, ಇಲ್ಲಾಂದ್ರೆ ಸೆಲ್‌ಗೆ ವಯಸ್ಸಾಗಿದೆ. ಆದರೆ ಸುಮ್ಮನಿರೋ ಬ್ಯಾಟರಿ ತೋರಿಸೋ ಅಂಕಿಯನ್ನ ಪೂರ್ತಿ ನಂಬಬೇಡಿ. ಸತ್ತ ಸೆಲ್ ಕೂಡ ಹೊರೆ ಇಲ್ಲದಾಗ 4.2 ತೋರಿಸಬಹುದು.

ನಿಜ ಗೊತ್ತಾಗೋದು ಹೊರೆ ಬಿದ್ದಾಗ. ಡ್ರೋನನ್ನ ಒಂದು ಮರದ ಹಲಗೆಗೆ ಟೇಪ್‌ನಿಂದ ಬಿಗಿಯಾಗಿ ಕಟ್ಟಿ. ಪ್ರಾಪ್‌ಗಳು, ಅಂದ್ರೆ ತಿರುಗೋ ರೆಕ್ಕೆಗಳು, ಅಲ್ಲೇ ಇರಲಿ, ಅವಿಲ್ಲದೆ ಮೋಟಾರ್ ತಿರುಗಿದ್ರೆ ಎಳೆಯೋ ಕರೆಂಟ್ ತೀರಾ ಕಮ್ಮಿ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಬೆರಳು ದೂರ ಇಡಿ. ಮೀಟರ್‌ನ ಎರಡು ಮೊನೆಗಳನ್ನ ಬೋರ್ಡ್‌ನಲ್ಲಿ ಬ್ಯಾಟರಿ ತಂತಿ ಬಂದು ಸೇರೋ ಜಾಗಕ್ಕೆ ಮುಟ್ಟಿಸಿ. ಕೈ ಅಲುಗಿ ಎರಡು ಮೊನೆ ಒಂದಕ್ಕೊಂದು ತಾಗಿದ್ರೆ ಶಾರ್ಟ್ ಆಗತ್ತೆ, ಹಾಗಾಗಿ ಥ್ರಾಟಲ್ ಇನ್ನೊಬ್ಬರ ಕೈಲಿ ಕೊಡಿ. ಪೂರ್ತಿ ಥ್ರಾಟಲ್, ಮೂರು ಸೆಕೆಂಡ್, ಅಷ್ಟೇ. ಅಂಕಿ 3.5ರ ಆಸುಪಾಸಿನಲ್ಲಿ ನಿಂತ್ರೆ ದಾರಿ ಸರಿಯಾಗಿದೆ. 3.0ರತ್ತ ಜಾರಿದ್ರೆ ಎಲ್ಲೋ ಸೋರ್ತಿದೆ.

ಎಲ್ಲಿ ಅಂತ ಹೇಳೋದು ಮೂರನೇ ಅಳತೆ. ಅದೇ ಪರೀಕ್ಷೆ, ಈ ಸಲ ಮೊನೆಗಳನ್ನ ಕನೆಕ್ಟರ್‌ನ ಬ್ಯಾಟರಿ ಕಡೆಗೆ, ತಂತಿ ಪ್ಲಾಸ್ಟಿಕ್ ಒಳಗೆ ಹೋಗೋ ಕಡೆ ಕಾಣೋ ಲೋಹಕ್ಕೆ ಮುಟ್ಟಿಸಿ. ಅಲ್ಲಿ 3.5 ಇದ್ದು ಬೋರ್ಡ್‌ನಲ್ಲಿ 3.1 ಇದ್ರೆ ಆ 0.4 ವೋಲ್ಟನ್ನ ಕನೆಕ್ಟರ್ ಮತ್ತು ತಂತಿ ನುಂಗಿವೆ. ಬ್ಯಾಟರಿ ಕಡೆಯಲ್ಲೇ 3.0 ಇದ್ರೆ ಸೆಲ್‌ನ ಒಳಗಿನ ರೋಧ ಏರಿದೆ, ಅದಕ್ಕೆ ಹೊಸ ಬ್ಯಾಟರಿಯೇ ಮದ್ದು.

ಕನೆಕ್ಟರ್ ಯಾಕೆ ಇಷ್ಟು ನುಂಗತ್ತೆ? ಈ ಎರಡು ಬಗೆಯ ಕನೆಕ್ಟರ್‌ಗಳನ್ನ ಅಕ್ಕಪಕ್ಕ ಇಟ್ಟು ನೋಡಿ. ಎಡಗಡೆ ಇರೋ ಚಿಕ್ಕ ಬಿಳೀದು, ಪಿನ್‌ಗಳ ನಡುವೆ 1.25 ಮಿಲಿಮೀಟರ್ ಅಂತರ, ಅದರ ಒಂದು ಪಿನ್‌ಗೆ ಹೇಳಿರೋ ಮಿತಿ 1 ಆಂಪ್. ಬಲಗಡೆ ಇರೋದು ಪಿಎಚ್ 2.0, ಅಂದ್ರೆ ಪಿನ್‌ಗಳ ಅಂತರ 2 ಮಿಲಿಮೀಟರ್, ಅದರ ಮಿತಿ 2 ಆಂಪ್. 6 ಮಿಲಿಮೀಟರ್ ವ್ಯಾಸದ ನಾಲ್ಕು ಮೋಟಾರ್ ಸೇರಿ ಪೂರ್ತಿ ಥ್ರಾಟಲ್‌ನಲ್ಲಿ ಎಳೆಯೋದು ನಾಲ್ಕು ಆಂಪ್‌ಗೂ ಮೇಲೆ. ಅಂದ್ರೆ ಎರಡೂ ಮಿತಿ ಮೀರಿಯೇ ದುಡೀತಿವೆ, ಚಿಕ್ಕದರ ಪಾಡಂತೂ ಕೇಳಬೇಡಿ. ಹಾರಿಸಿ ಇಳಿಸಿದ ತಕ್ಷಣ ಕನೆಕ್ಟರ್ ಮುಟ್ಟಿ ನೋಡಿ, ಬಿಸಿ ಇದ್ರೆ ನಿಮ್ಮ ಹಾರಾಟದ ಸಮಯ ಅಲ್ಲೇ ಶಾಖವಾಗಿ ಹೋಗ್ತಿದೆ. ತಂತಿಯೂ ಅಷ್ಟೇ: 28 ಗೇಜ್‌ನ ತೆಳು ತಂತಿಗೆ ಮೀಟರ್‌ಗೆ ಸುಮಾರು 0.21 ಓಮ್ ರೋಧ, 22 ಗೇಜ್‌ನ ದಪ್ಪ ತಂತಿಗೆ 0.053. ತೆಳು ತಂತಿ ಹೋಗಿಬರೋ ದಾರಿ ಸೇರಿ 10 ಸೆಂಟಿಮೀಟರ್ ಇದ್ರೆ 5 ಆಂಪ್‌ಗೆ 0.1 ವೋಲ್ಟ್ ಹೋಯ್ತು.

ಕನೆಕ್ಟರ್, ತಂತಿ ಎರಡನ್ನೂ ಬದಲಿಸೋದೇ ಅಗ್ಗದ ಡ್ರೋನ್‌ಗೆ ಮಾಡಬಹುದಾದ ಅತಿ ಒಳ್ಳೆಯ ಅಪ್‌ಗ್ರೇಡ್ ಅಂತ ನನ್ನ ಗಟ್ಟಿ ಅಭಿಪ್ರಾಯ. ಬೋರ್ಡ್ ಕಡೆಗೆ 22 ಅಥವಾ 24 ಗೇಜ್ ಸಿಲಿಕೋನ್ ತಂತಿ ಇರೋ ಪಿಎಚ್ 2.0, ಉದ್ದ 4 ಸೆಂಟಿಮೀಟರ್ ಸಾಕು. ಬ್ಯಾಟರಿ ಕಡೆಗೂ ಅದೇ ಜೋಡಿ. ಬ್ಯಾಟರಿಯ ಎರಡು ತಂತಿಗಳನ್ನ ಯಾವತ್ತೂ ಒಟ್ಟಿಗೆ ಕತ್ತರಿಸಬೇಡಿ. ಕಟ್ಟರ್‌ನ ಅಲಗೇ ಎರಡನ್ನೂ ಸೇರಿಸಿಬಿಡತ್ತೆ, ಕಿಡಿ ಹಾರತ್ತೆ. ಮೊದಲು ಕೆಂಪು ಕತ್ತರಿಸಿ, ಹೊಸ ತಂತಿಗೆ ಬೆಸೆದು, ಹೀಟ್‌ಶ್ರಿಂಕ್ (ಬಿಸಿ ತಾಗಿದ್ರೆ ಕುಗ್ಗಿ ಬಿಗಿಯಾಗೋ ಕೊಳವೆ) ಮುಚ್ಚಿದ ಮೇಲೆ ಕಪ್ಪು. ಇನ್ನೊಂದು ಮಾತು, ಈ ಕನೆಕ್ಟರ್‌ಗಳಲ್ಲಿ ಕೆಂಪು ತಂತಿ ಯಾವ ಕಡೆ ಅನ್ನೋದು ಒಬ್ಬೊಬ್ಬ ತಯಾರಕರದ್ದು ಒಂದೊಂದು ಥರ. ಬಣ್ಣ ನೋಡಿ ಸಿಕ್ಕಿಸಬೇಡಿ, ಮೀಟರ್ ಇಟ್ಟು ಪ್ಲಸ್ ಯಾವುದು ಅಂತ ಖಚಿತ ಮಾಡ್ಕೊಳ್ಳಿ. ಉಲ್ಟಾ ಆದ್ರೆ ಬೋರ್ಡ್ ಕ್ಷಣದಲ್ಲಿ ಹೋಗತ್ತೆ.

ಈಗ ಕ್ಯಾಮೆರಾ ಹತ್ತಿರ ತರ್ತೀನಿ, ಬೆಸುಗೆ ನೋಡಿ. ಐರನ್ 350 ಡಿಗ್ರಿ ಸೆಲ್ಸಿಯಸ್. ತಂತಿಯ ತುದಿಗೂ ಬೋರ್ಡ್ ಮೇಲಿನ ತಾಮ್ರದ ಪ್ಯಾಡ್‌ಗೂ ಮೊದಲೇ ಬೇರೆ ಬೇರೆಯಾಗಿ ಸೋಲ್ಡರ್ ಸವರಿಟ್ಟಿದೆ. ಪ್ಯಾಡ್ ಮೇಲೆ ಒಂದು ಚುಕ್ಕೆ ಫ್ಲಕ್ಸ್, ತಂತಿ ಇಟ್ಟು, ಐರನ್ ಮುಟ್ಟಿಸಿ, ಎರಡೇ ಸೆಕೆಂಡ್. ಸೋಲ್ಡರ್ ಹರಿದು ಪ್ಯಾಡ್‌ನ ಅಂಚಿನವರೆಗೂ ಇಳಿಜಾರಾಗಿ ಕೂತಿದೆ, ಇದು ಸರಿಯಾದ ಬೆಸುಗೆ. ಪಕ್ಕದ್ದು ನೋಡಿ, ತಾವರೆ ಎಲೆ ಮೇಲಿನ ನೀರಿನ ಹನಿ ಥರ ಗುಂಡಗೆ ಕೂತಿದೆ, ಎಲೆಗೆ ಅಂಟಿಲ್ಲ. ಮೊದಲ ಡಿಕ್ಕಿಗೇ ಬಿಟ್ಟುಬರೋದು ಇಂಥದ್ದೇ. ಹಾಗಂತ ಐರನ್ ಒತ್ತಿ ಹಿಡಿದು ಕೂರಬೇಡಿ. ಆಟಿಕೆ ಬೋರ್ಡ್‌ಗಳ ತಾಮ್ರದ ಪ್ಯಾಡ್ ಐದಾರು ಸೆಕೆಂಡ್ ಶಾಖಕ್ಕೇ ಕಿತ್ತುಬರತ್ತೆ.

ದಾರಿ ಸರಿಯಾದ ಮೇಲೂ ಒಂದು ಮೂಲೆ ಬಗ್ಗುತ್ತಿದ್ರೆ ಆಗ ಮೋಟಾರ್ ಕಡೆ ಬನ್ನಿ. ಪ್ರಾಪ್ ಕೀಳುವಾಗ ಬೆರಳಲ್ಲಿ ಎಳೆದ್ರೆ ಶಾಫ್ಟ್ ಬಾಗತ್ತೆ. ಅಡಿಗೆ ಚಪ್ಪಟೆ ಚಿಮಟ ತೂರಿಸಿ ಎರಡೂ ಕಡೆಯಿಂದ ಸಮವಾಗಿ ಮೀಟಿ. ಪ್ರಾಪ್ ಬಂದ ಜಾಗದಲ್ಲಿ ಶಾಫ್ಟ್‌ನ ಬುಡ ನೋಡಿ: ಸುತ್ತಿಕೊಂಡ ಕೂದಲು, ಬಿಗಿಯಾಗಿ, ಉಂಗುರದ ಹಾಗೆ. ಒಂದೇ ಒಂದು ಎಳೆ ಸಾಕು ಮೋಟಾರ್ ಸೊರಗೋದಕ್ಕೆ. ಚೂಪು ಚಿಮಟದಿಂದ ಒಂದು ಸುತ್ತು ಎತ್ತಿ, ಕತ್ತರಿಸಿ, ಬಿಚ್ಚಿ. ಅಲ್ಲಿಗೊಂದು ತೆಳುವಾದ ಮೆಷಿನ್ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟು ಮಾತ್ರ. ಹೆಚ್ಚಾದ್ರೆ ಒಳಗಿಳಿದು ಬ್ರಷ್ (ಮೋಟಾರ್‌ನ ತಿರುಗೋ ಭಾಗಕ್ಕೆ ಕರೆಂಟ್ ತಲುಪಿಸೋ ತುಣುಕು) ಹಾಳು ಮಾಡತ್ತೆ.

ಕೂದಲಿಲ್ಲ, ಆದ್ರೂ ಬಲವಿಲ್ಲ ಅಂದ್ರೆ ಮೋಟಾರನ್ನ ಕರ್ಣದ ಎದುರು ಮೂಲೆಯ ಮೋಟಾರ್ ಜೊತೆ ಅದಲು ಬದಲು ಮಾಡಿ. ಆ ಎರಡೂ ಒಂದೇ ದಿಕ್ಕಿಗೆ ತಿರುಗೋವು. ತೊಂದರೆ ಮೋಟಾರ್ ಜೊತೆ ಹೋದ್ರೆ ಮೋಟಾರ್ ಹಾಳು. ಇದ್ದ ಮೂಲೆಯಲ್ಲೇ ಉಳಿದ್ರೆ ಬೋರ್ಡ್ ಹಾಳು. ಬ್ರಷ್ ಇರೋ ಈ ಚಿಕ್ಕ ಮೋಟಾರ್‌ಗಳ ಆಯಸ್ಸೇ ಕೆಲವು ಗಂಟೆಗಳ ಹಾರಾಟ, ಆದ್ದರಿಂದ ಸವೆಯೋದು ತಪ್ಪಲ್ಲ. ಹೊಸದು ತರಿಸುವಾಗ ವ್ಯಾಸ, ಉದ್ದ, ಶಾಫ್ಟ್ ಮೂರನ್ನೂ ಅಳೀರಿ, 6 ಮತ್ತು 7 ಮಿಲಿಮೀಟರ್ ಮೋಟಾರ್‌ಗೆ ಸಾಮಾನ್ಯವಾಗಿ 0.8 ಶಾಫ್ಟ್, 8.5ಕ್ಕೆ 1.0. ದಿಕ್ಕೂ ನೋಡಬೇಕು. ತಂತಿ ಉಲ್ಟಾ ಮಾಡಿದ್ರೆ ತಿರುಗೋದೇನೋ ತಿರುಗತ್ತೆ, ಆದ್ರೆ ಬ್ರಷ್‌ನ ಕೋನ ಒಂದು ದಿಕ್ಕಿಗೆ ಹೊಂದಿಸಿರೋ ಮೋಟಾರ್ ಇನ್ನೊಂದು ದಿಕ್ಕಿನಲ್ಲಿ ಬೇಗ ಸವೆಯತ್ತೆ. ಗೇರ್ ಇರೋ ಡ್ರೋನ್ ಆದ್ರೆ ಶಾಫ್ಟ್ ಮೇಲೆ ಪಿನಿಯನ್, ಅಂದ್ರೆ ಚಿಕ್ಕ ಹಲ್ಲುಚಕ್ರ, ಹಾಕಿರೋ ಮೋಟಾರನ್ನೇ ತರಿಸಿ.

ಬೋರ್ಡ್ ಹಾಳು ಅಂದ ಕೂಡಲೇ ಎಸೆಯಬೇಡಿ. ಪ್ರತಿ ಮೋಟಾರ್‌ಗೂ ಕರೆಂಟ್ ಬಿಡೋ, ನಿಲ್ಲಿಸೋ ಸ್ವಿಚ್ಚಿನ ಹಾಗೆ ಒಂದು ಮೂರು ಕಾಲಿನ ಪುಟ್ಟ ಮಾಸ್‌ಫೆಟ್ ಇರತ್ತೆ. ಅದು ಶಾರ್ಟ್ ಆದ್ರೆ ಬ್ಯಾಟರಿ ಸಿಕ್ಕಿಸಿದ ತಕ್ಷಣ ಆ ಮೋಟಾರ್ ಪೂರ್ತಿ ವೇಗದಲ್ಲಿ ತಿರುಗತ್ತೆ, ನಿಲ್ಲೋದೇ ಇಲ್ಲ. ಓಪನ್ ಆದ್ರೆ ಅಲುಗೋದೇ ಇಲ್ಲ. ಜಾಮ್ ಆದ ಮೋಟಾರ್‌ಗೆ ಥ್ರಾಟಲ್ ಕೊಟ್ಟಿದ್ದೇ ಹೆಚ್ಚಾಗಿ ಇದಕ್ಕೆ ಕಾರಣ. ಡಿಕ್ಕಿ ಹೊಡೆದ ಕೂಡಲೇ ಥ್ರಾಟಲ್ ಸೊನ್ನೆಗೆ ಇಳಿಸಿ ಅಂತ ಹೇಳೋದು ಅದಕ್ಕೇ. ಬದಲಿಗೆ ಎಸ್‌ಐ 2302 ಅಥವಾ ಎಒ 3400, ಎರಡರ ಕಾಲುಗಳ ಜೋಡಣೆಯೂ ಒಂದೇ. ಹಳೆಯದೂ ಇವುಗಳ ಹಾಗೆ ಎನ್-ಚಾನೆಲ್ ಬಗೆಯದ್ದೇ ಅಂತ ಮಾತ್ರ ಖಾತ್ರಿ ಮಾಡ್ಕೊಳ್ಳಿ.

ಚಾರ್ಜರ್ ಬಗ್ಗೆಯೂ ಹೇಳಲೇಬೇಕು. ಟಿಪಿ 4056 ಚಿಪ್ ಇರೋ ಸಣ್ಣ ಬೋರ್ಡ್‌ನಲ್ಲಿ ಚಾರ್ಜ್ ಮಾಡೋರು ಬಹಳ. ಅದರಲ್ಲಿ ಸಾಮಾನ್ಯವಾಗಿ 1.2 ಕಿಲೋಓಮ್ ರೆಸಿಸ್ಟರ್ ಇರತ್ತೆ, ಅಂದ್ರೆ 1 ಆಂಪ್. 500 ಎಂಎಎಚ್ ಬ್ಯಾಟರಿಗೆ ಹಿತವಾದ ಅರ್ಧ ಆಂಪ್‌ನ ದುಪ್ಪಟ್ಟು ಇದು. ಆ ರೆಸಿಸ್ಟರ್ ತೆಗೆದು 2.4 ಕಿಲೋಓಮ್ ಹಾಕಿದ್ರೆ ಸುಮಾರು ಅರ್ಧ ಆಂಪ್‌ಗೆ ಇಳಿಯತ್ತೆ. ವಾರಗಟ್ಟಲೆ ಹಾರಿಸದಿದ್ರೆ ಬ್ಯಾಟರಿಯನ್ನ 3.8 ವೋಲ್ಟ್‌ನಲ್ಲಿ ಇಡಿ. ಉಬ್ಬಿದ್ದನ್ನ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್‌ಗೂ ಇಡಬೇಡಿ.

ದೊಡ್ಡ ಬ್ಯಾಟರಿ ಹಾಕಿದ್ರೆ ಹೆಚ್ಚು ಹೊತ್ತು ಹಾರತ್ತಾ? ಒಂದು ಮಿತಿವರೆಗೆ. ಗಾಳಿಯಲ್ಲಿ ಒಂದೇ ಕಡೆ ನಿಲ್ಲೋಕೆ ಥ್ರಾಟಲ್ ಅರ್ಧದ ಹತ್ತಿರ ಇದ್ರೆ ಚೆನ್ನ. ಮುಕ್ಕಾಲು ಬೇಕಾಗ್ತಿದ್ರೆ ಆ ಬ್ಯಾಟರಿ ತನ್ನ ತೂಕ ಹೊರೋದಕ್ಕೇ ಖರ್ಚಾಗ್ತಿದೆ, ಚಿಕ್ಕದಕ್ಕೆ ಮರಳಿ.

ಮುರಿದ ತೋಳಿಗೆ ಸೂಪರ್ ಗ್ಲೂ ಹಚ್ಚಿ, ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದ್ರೆ ತಕ್ಷಣ ಕಲ್ಲಾಗತ್ತೆ. ಮೇಣದ ಹಾಗೆ ಜಾರೋ, ಬಾಗೋ ಪ್ಲಾಸ್ಟಿಕ್ ಆದ್ರೆ ಅದು ಪಾಲಿಪ್ರೊಪಿಲೀನ್ ಥರದ್ದು, ಅಂಟು ಹಿಡಿಯಲ್ಲ, ಹೊಸ ಫ್ರೇಮ್ ಹಾಕೋದೇ ವಾಸಿ. ಡ್ರೋನ್‌ನ ಕ್ಯಾಮೆರಾ ಹತ್ತಿರ ಈ ಅಂಟು ಬೇಡ, ಅದರ ಹಬೆ ಲೆನ್ಸ್ ಮೇಲೆ ಬಿಳಿ ಮಂಜು ಕಟ್ಟತ್ತೆ.

ಎಲ್ಲ ಜೋಡಿಸಿದ ಮೇಲೆ ಸಮತಟ್ಟು ಜಾಗದಲ್ಲಿಟ್ಟು ಗೈರೋ (ಡ್ರೋನ್ ವಾಲಿದ್ದನ್ನ ಗುರುತಿಸೋ ಸೆನ್ಸರ್) ಕ್ಯಾಲಿಬ್ರೇಟ್ ಮಾಡಿ, ಎರಡು ಕಡ್ಡಿ ಯಾವ ಮೂಲೆಗೆ ಒತ್ತಬೇಕು ಅನ್ನೋದು ನಿಮ್ಮ ಡ್ರೋನ್‌ನ ಕೈಪಿಡಿಯಲ್ಲಿರತ್ತೆ. ಆಮೇಲೆ ಒಂದು ನಿಮಿಷ ಸೊಂಟದೆತ್ತರದಲ್ಲಿ ನಿಲ್ಲಿಸಿ, ಇಳಿಸಿ. ನಾಲ್ಕು ಮೋಟಾರ್‌ಗಳನ್ನೂ ಬೆರಳ ತುದಿಯಿಂದ ಮುಟ್ಟಿ. ನಾಲ್ಕೂ ಸಮ ಬೆಚ್ಚಗಿದ್ರೆ ಸರಿ. ಒಂದು ಮಾತ್ರ ಸುಡ್ತಿದ್ರೆ ಅದರ ಬುಡದ ಕೂದಲು, ಬಾಗಿದ ಶಾಫ್ಟ್, ಅಂಚು ಹರಿದ ಪ್ರಾಪ್ ಇವನ್ನ ಅದೇ ಸಾಲಲ್ಲಿ ಮತ್ತೆ ನೋಡಿ.