ಬೇಯೊವುಲ್ಫ್: ಸುಟ್ಟ ಅಂಚಿನ ಪ್ರತಿ ಅಕ್ಷರಕ್ಕೂ ಲೆಕ್ಕ ಬೇಕು

ಹಳೆಯ ಇಂಗ್ಲಿಷಿನ ಬೇಯೊವುಲ್ಫ್ ಕಾವ್ಯದ ಯಾವ ಅಚ್ಚಿನ ಪ್ರತಿ ತೆಗೆದರೂ 3182 ಸಾಲು ನೀಟಾಗಿ ಜೋಡಿಸಿರುತ್ತೆ. ಅದರಲ್ಲಿ ಎಷ್ಟು ಅಕ್ಷರ ಹಸ್ತಪ್ರತಿಯಲ್ಲಿ ಇವತ್ತಿಗೂ ಕಾಣುತ್ತೆ, ಎಷ್ಟು ಹಳೇ ನಕಲಿನಿಂದ ಬಂದಿದ್ದು, ಎಷ್ಟು ಸಂಪಾದಕರ ಊಹೆ? ಇದನ್ನ ಅದೇ ಪುಟದಲ್ಲಿ ತೋರಿಸದ ಆವೃತ್ತಿಯನ್ನ ಗ್ರಂಥಸಂಪಾದನೆ ಅಂತ ನಾನು ಒಪ್ಪಲ್ಲ.

ಈ ಕಾವ್ಯಕ್ಕೆ ಉಳಿದಿರೋದು ಒಂದೇ ಹಸ್ತಪ್ರತಿ. ಕ್ರಿ.ಶ. 1000ರ ಆಸುಪಾಸಿನದು, ಚರ್ಮದ ಹಾಳೆಗಳ ಮೇಲೆ ಇಬ್ಬರು ಲಿಪಿಕಾರರು ಬರೆದದ್ದು. 1731ರ ಅಕ್ಟೋಬರ್ 23ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಆಶ್‌ಬರ್ನ್‌ಹ್ಯಾಮ್ ಹೌಸ್‌ಗೆ ಬೆಂಕಿ ಬಿತ್ತು. ಅಲ್ಲಿದ್ದ, ರಾಬರ್ಟ್ ಕಾಟನ್ ಅನ್ನೋರು ಕೂಡಿಸಿದ ಹಸ್ತಪ್ರತಿ ಸಂಗ್ರಹದ ಈ ಪುಸ್ತಕ ಪೂರ್ತಿ ಸುಡಲಿಲ್ಲ, ಅಂಚು ಸೀದುಹೋಯ್ತು. ಸೀದ ಚರ್ಮ ಹಪ್ಪಳದ ಹಾಗೆ. ಹಾಳೆ ತಿರುವಿದಾಗಲೆಲ್ಲ ಅಂಚಿನ ಚೂರು ಉದುರುತ್ತೆ, ಜೊತೆಗೆ ಒಂದೆರಡು ಅಕ್ಷರ. ಹೀಗೆ 114 ವರ್ಷ ನಡೀತು. ನಮ್ಮ ಓಲೆಗರಿಗಳ ಹಾಗೆ ಇಲ್ಲೂ ಪದ್ಯವನ್ನ ಸಾಲು ಮುರಿಯದೆ, ಅಂಚಿಂದ ಅಂಚಿಗೆ ಬರೆದಿದ್ದಾರೆ. ಹಾಗಾಗಿ ಹಾಳೆಯ ಅಂಚು ಹೋದರೆ ಪದ್ಯದ ಸಾಲಿನ ಕೊನೆಯೇ ಹೋಗಬೇಕು ಅಂತಿಲ್ಲ, ನಟ್ಟನಡುವೆಯೂ ತೂತು ಬೀಳಬಹುದು.

ಪುಣ್ಯಕ್ಕೆ 1787ರ ಹೊತ್ತಿಗೆ ಥಾರ್ಕೆಲಿನ್ ಅನ್ನೋ ಐಸ್‌ಲ್ಯಾಂಡ್ ಮೂಲದ ವಿದ್ವಾಂಸ ಡೆನ್ಮಾರ್ಕಿನಿಂದ ಬಂದು ಒಬ್ಬ ನಕಲುಗಾರನಿಂದ ಒಂದು ಪ್ರತಿ ಬರೆಸಿದ, ಆಮೇಲೆ ಇನ್ನೊಂದನ್ನ ತಾನೇ ಬರೆದ. ಮೊದಲನೆಯದನ್ನ ಎ ಪ್ರತಿ, ಎರಡನೆಯದನ್ನ ಬಿ ಪ್ರತಿ ಅಂತಾರೆ. ಆಮೇಲೆ ಉದುರಿಹೋದ ಎಷ್ಟೋ ಅಕ್ಷರಗಳಿಗೆ ಇವೆರಡೇ ಸಾಕ್ಷಿ.

ಇವೆರಡರಲ್ಲಿ ಯಾವುದನ್ನ ನಂಬಬೇಕು? ಭಾಷೆ ಬಲ್ಲವನದ್ದು ಅನ್ನೋಣ ಅನ್ನಿಸುತ್ತೆ. ಆದರೆ ಎ ಪ್ರತಿಯ ನಕಲುಗಾರನಿಗೆ ಹಳೆಯ ಇಂಗ್ಲಿಷ್ ಬರ್ತಿರಲಿಲ್ಲ, ಕಂಡ ಆಕಾರವನ್ನೇ ಇಳಿಸಿದ. ಆ ಭಾಷೆಯ ಥಾರ್ನ್ (th ಧ್ವನಿಯದು), ವಿನ್ (w ಧ್ವನಿಯದು), ಪಿ, ಈ ಮೂರು ಅಕ್ಷರವೂ ಒಂದು ಉದ್ದ ಕೋಲು, ಪಕ್ಕಕ್ಕೊಂದು ಹೊಟ್ಟೆ. ಥಾರ್ನ್‌ಗೆ ಕೋಲು ಮೇಲೂ ಚಾಚಿರುತ್ತೆ, ವಿನ್‌ಗೆ ಚಾಚಿರಲ್ಲ. ನಮ್ಮ ಪ ಮತ್ತು ಷ ನಡುವೆ ಒಳಗಿನ ಒಂದು ಗೀಟಷ್ಟೇ ವ್ಯತ್ಯಾಸ ಇದೆಯಲ್ಲ, ಹಾಗೆ. ಅವನು ಎಡವಿದ್ದು ಇಂಥ ಕಡೆ. ಯಾವುದನ್ನ ಯಾವುದೆಂದು ತಿಳಿದ ಅನ್ನೋದು ಗೊತ್ತಾದರೆ ಅಂಥ ತಪ್ಪನ್ನ ಹಿಂದಕ್ಕೆ ತಿದ್ದಬಹುದು. ಥಾರ್ಕೆಲಿನ್ ಅರ್ಥ ಮಾಡಿಕೊಳ್ಳುತ್ತ ಬರೆದವನು, ಅಲ್ಲಲ್ಲಿ ತನಗೆ ಸರಿ ಕಂಡಿದ್ದನ್ನ ಸದ್ದಿಲ್ಲದೆ ಸೇರಿಸಿದ. ಆ ತಿದ್ದುಪಡಿಗೆ ಗುರುತೇ ಇರಲ್ಲ. ಅದಕ್ಕೇ ಎರಡೂ ಪ್ರತಿಯನ್ನ ಎದುರುಬದುರು ಇಟ್ಟು ನೋಡಬೇಕು.

1845ರಲ್ಲಿ ಬ್ರಿಟಿಷ್ ಮ್ಯೂಸಿಯಂ ಪ್ರತಿ ಹಾಳೆಗೂ ದಪ್ಪ ಕಾಗದದ ಚೌಕಟ್ಟು ಹಾಕಿಸಿತು. ಹಾಳೆಯ ಅಂಚಿನ ಗೆರೆ ಎಳೆದು, ಅದಕ್ಕಿಂತ ತುಸು ಒಳಗೆ ಕತ್ತರಿಸಿ, ಉಳಿದ ಕಾಗದದ ಅಂಚಿಗೆ ಹಾಳೆಯನ್ನ ಅಂಟಿಸೋದು. ಉದುರೋದು ನಿಂತಿತು. ಆದರೆ ಹಾಳೆಯ ಹಿಂಬದಿಯಲ್ಲಿ ನೂರಾರು ಅಕ್ಷರ ಆ ಕಾಗದದ ಅಡಿ ಸೇರಿಕೊಂಡವು.

ಕೆಂಟಕಿ ವಿಶ್ವವಿದ್ಯಾಲಯದ ಕೆವಿನ್ ಕೀರ್ನನ್ ಕೈ ಹಾಕಿದ್ದು ಇಲ್ಲಿಗೆ. ಹಾಳೆಯ ಹಿಂದೆ ಫೈಬರ್ ಆಪ್ಟಿಕ್ ದೀಪ ಹಿಡಿದರೆ ಚೌಕಟ್ಟಿನಡಿಯ ಶಾಯಿ ಕಪ್ಪಾಗಿ ಮೂಡುತ್ತೆ. ಹಾಗೆ ತೆಗೆದ ಚಿತ್ರಗಳನ್ನ ಎ ಮತ್ತು ಬಿ ಪ್ರತಿಗಳ ಜೊತೆ ಸೇರಿಸಿ 1999ರಲ್ಲಿ ಎಲೆಕ್ಟ್ರಾನಿಕ್ ಬೇಯೊವುಲ್ಫ್ ಅನ್ನೋ ಡಿಜಿಟಲ್ ಆವೃತ್ತಿ ಹೊರತಂದರು. ಕಾವ್ಯದ ಕಾಲದ ಬಗ್ಗೆ ಅವರ ವಾದವನ್ನ ಬಹಳ ಜನ ಒಪ್ಪಲ್ಲ, ಆ ಜಗಳ ಬೇರೆ. ಈ ಕೆಲಸದ ದೊಡ್ಡತನ ಏನಂದರೆ, ಓದುಗ ಸಂಪಾದಕನ ಮಾತನ್ನ ನಂಬಿ ಕೂರಬೇಕಾಗಿಲ್ಲ, ತಾನೇ ನೋಡಬಹುದು.

ಹಾಳಾದ ಒಂದು ಜಾಗ ಓದುವಾಗ ಮೊದಲು ಸಾಮಾನ್ಯ ಬೆಳಕಿನ ಚಿತ್ರ, ಆಮೇಲೆ ಹಿಂಬೆಳಕಿನದು, ಮಾಸಿದ್ದರೆ ಅತಿನೇರಳೆ ಬೆಳಕಿನದು. ಆಮೇಲೆ ಎ, ಬಿ ಪ್ರತಿ. ಅಷ್ಟು ಜಾಗದಲ್ಲಿ ಎಷ್ಟು ಅಕ್ಷರ ಹಿಡಿಯುತ್ತೆ ಅಂತ ಅದೇ ಲಿಪಿಕಾರನ ಪಕ್ಕದ ಸಾಲುಗಳಿಂದ ಅಳೆಯಬೇಕು. ಛಂದಸ್ಸು ಕೊನೆಗೆ. ನಮ್ಮ ಪ್ರಾಸ ಎರಡನೇ ಅಕ್ಷರಕ್ಕೆ, ಅವರದು ಒತ್ತು ಬೀಳೋ ಉಚ್ಚಾರದ ಮೊದಲ ಧ್ವನಿಗೆ. ಸಾಲಿಗೆ ನಾಲ್ಕು ಒತ್ತು, ಅದರಲ್ಲಿ ಮೂರನೇದು ಮೊದಲೆರಡರಲ್ಲಿ ಒಂದಕ್ಕಾದರೂ ಹೊಂದಬೇಕು. ಹೋದ ಅಕ್ಷರ ಅಲ್ಲಿದ್ದರೆ ಛಂದಸ್ಸು ನೆರವಾಗುತ್ತೆ, ನಾಲ್ಕನೇ ಒತ್ತಿನಲ್ಲಿದ್ದರೆ ಅಷ್ಟಾಗಿ ಆಗಲ್ಲ. ಛಂದಸ್ಸಿನಿಂದಲೇ ಶುರು ಮಾಡಿದರೆ ಬೇಕಾದ ಪದವೇ ಕಣ್ಣಿಗೆ ಕಾಣೋಕೆ ಶುರುವಾಗುತ್ತೆ.

ಬೆಂಕಿಗೆ ಸಂಬಂಧವೇ ಇಲ್ಲದ ಲೋಪವೂ ಇದೆ. 62ನೇ ಸಾಲು ನೋಡಿ. ಡೇನರ ದೊರೆ ಹೆಲ್ಫ್‌ಡೇನ್‌ಗೆ ನಾಲ್ಕು ಮಕ್ಕಳು, ಮೂವರು ಗಂಡುಮಕ್ಕಳ ಹೆಸರಿದೆ. ಮಗಳ ಸರದಿ ಬಂದಾಗ "ನಾನು ಕೇಳಿದ್ದೇನೆ" ಅಂತ ಶುರುವಾಗಿ ಕೂಡಲೇ "ಎಲನ್ ಕ್ವೆನ್" ಅಂತ ಬರುತ್ತೆ. ಎಲನ್ ಅನ್ನೋದು ಯಾವುದೋ ಹೆಸರಿನ ಬಾಲ, ಕ್ವೆನ್ ಅಂದರೆ ರಾಣಿ. ಹಾಳೆ ಅಲ್ಲಿ ಹರಿದಿಲ್ಲ, ಸುಟ್ಟಿಲ್ಲ. ಲಿಪಿಕಾರನ ಕಣ್ಣು ಜಾರಿದೆ. ಆ ಬಾಲದ ಮುಂದೆ ಸ್ವೀಡನ್ ದೊರೆ ಒನೆಲನ ಹೆಸರು ಕೂಡಿಸೋದಕ್ಕೆ ಒಳ್ಳೇ ಆಧಾರ ಇದೆ, ಮುಂದಿನ ಸಾಲಿನಲ್ಲೇ ಸ್ವೀಡನ್ ವಂಶದ ಮಾತು ಬರುತ್ತೆ. ಮಗಳ ಹೆಸರಿನ ಜಾಗಕ್ಕೆ ಎಷ್ಟೋ ಜನ ಯಿರ್ಸಾ ಅಂತ ತುಂಬಿದ್ದಾರೆ. ಅದು ಸ್ಕ್ಯಾಂಡಿನೇವಿಯಾದ ಕಥೆಗಳಿಂದ ತಂದ ಹೆಸರು, ಅಲ್ಲಿ ಯಿರ್ಸಾಳ ಸ್ವೀಡನ್ ಗಂಡ ಒನೆಲ ಅಲ್ಲ, ಬೇರೊಬ್ಬ. ಹಾಗಾಗಿ ಒನೆಲ ಚೌಕ ಕಂಸದಲ್ಲಿ ಇರಲಿ, ಮಗಳ ಜಾಗದಲ್ಲಿ ಚುಕ್ಕಿ ಇರಲಿ, ಯಿರ್ಸಾ ಅಡಿಟಿಪ್ಪಣಿಗೆ ಹೋಗಲಿ.