ಸೈನ್ಯ ಸಾಮಾನಿಗೆ ಹೋದಾಗ

ವೇದಿಕೆಯಲ್ಲಿರುವ ಮಾಸ್ತರರೇ, ಎದುರು ಕೂತಿರುವ ಅಣ್ಣಂದಿರೇ, ಅಕ್ಕಂದಿರೇ,

ಆಮಂತ್ರಣದಲ್ಲಿ ನನ್ನನ್ನು 'ಇತಿಹಾಸ ಚಿಂತಕರು' ಅಂತ ಹಾಕಿದ್ದಾರೆ. ಅದನ್ನು ದಯವಿಟ್ಟು ಹೊಡೆದುಹಾಕಿ. ಮೂವತ್ತು ವರ್ಷ ಕಾಸರಗೋಡಿನ ಪೆರ್ಲದಲ್ಲಿ ಅಡಿಕೆ ತೂಗಿದವನು ನಾನು. ಓದಿದ್ದೆಲ್ಲ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ. ಅದಕ್ಕೇ ಇರಬೇಕು, ಯುದ್ಧದ ಕಥೆ ಓದುವಾಗಲೂ ನನಗೆ ಮೊದಲು ಬರುವ ಯೋಚನೆ ಒಂದೇ: ಇದರ ಖರ್ಚು ಯಾರ ಲೆಕ್ಕಕ್ಕೆ?

ಕಳೆದ ವರ್ಷ ಮೊಮ್ಮಗಳನ್ನು ಬೇಕಲ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಸುಮಾರು 40 ಎಕರೆ ಜಾಗ. ಎಲ್ಲ ಸುತ್ತಿ ಆದ ಮೇಲೆ ಅವಳು ಕೇಳಿದಳು, "ಅಜ್ಜಾ, ರಾಜನ ಮನೆ ಎಲ್ಲಿ?" ಇಲ್ಲ. ಬೇಕಲದಲ್ಲಿ ಅರಮನೆಯೇ ಇಲ್ಲ. ಕಾವಲಿನ ದೊಡ್ಡ ಬುರುಜು ಇದೆ, ಮದ್ದಿನ ಮನೆ ಇದೆ, ಮೆಟ್ಟಿಲಿರುವ ಕೆರೆ ಇದೆ, ಬಾಗಿಲ ಹತ್ತಿರ ಆಂಜನೇಯ ಇದ್ದಾನೆ. ಅದು ಸೈನಿಕರಿಗೆಂದೇ ಕಟ್ಟಿದ ಕೋಟೆ ಅಂತ ಹೇಳಿದೆ. "ಹಾಗಾದ್ರೆ ಅವರಿಗೆ ಊಟ?" ಅಂದಳು. ಬುರುಜು ಹತ್ತಿ ಫೋಟೋ ತೆಗೆಯುವ ನಮಗೆ ಯಾರಿಗೂ ಹೊಳೆಯದ ಪ್ರಶ್ನೆ, ಅಲ್ವಾ?

ಮನೆಗೆ ಬಂದು ಲೆಕ್ಕ ಹಾಕಿದೆ. ಒಬ್ಬ ಸೈನಿಕನಿಗೆ ದಿನಕ್ಕೆ ಒಂದು ಸೇರು ಅಕ್ಕಿ ಅಂತಿಟ್ಟುಕೊಳ್ಳಿ. ನಮ್ಮ ಕಡೆ ಅಕ್ಕಿಯನ್ನು ಹುಲ್ಲಿನಲ್ಲಿ ಕಟ್ಟುವ ಮುಡಿಗೆ 42 ಸೇರು. ಸಾವಿರ ಜನ ಇದ್ದರೆ ದಿನಕ್ಕೆ 24 ಮುಡಿ ಬೇಕು. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ. ನಾಲ್ಕು ತಿಂಗಳಿಗೆ ಮೂರು ಸಾವಿರ ಮುಡಿಯ ಹತ್ತಿರ ಮೊದಲೇ ತಂದು, ಒದ್ದೆಯಾಗದ ಹಾಗೆ, ಇಲಿ ತಿನ್ನದ ಹಾಗೆ ಇಡಬೇಕು. ಉಪ್ಪು, ಮೆಣಸು, ಕಟ್ಟಿಗೆ ಬೇರೆ. ಕತ್ತಿ ಹಿಡಿಯುವವನಿಗಿಂತ ಮುಡಿ ಕಟ್ಟುವವನಿಗೆ ಕೆಲಸ ಜಾಸ್ತಿ.

ಈ ಹುಚ್ಚಿನಲ್ಲೇ ನಾನು ಗ್ರೀಸಿನವರೆಗೂ ಹೋದೆ. ಪುಸ್ತಕದಲ್ಲಿ, ಸುಮ್ನೆ ಕೂತಲ್ಲೇ. ಅಥೆನ್ಸ್ ಅಂತ ಒಂದು ಪಟ್ಟಣ. ಸುತ್ತ ಕಲ್ಲುನೆಲ, ಬರುವ ಬೆಳೆ ಆಲಿವ್, ದ್ರಾಕ್ಷಿ. ತಿನ್ನುವ ಧಾನ್ಯದ ಬಹುಪಾಲು ಕಪ್ಪು ಸಮುದ್ರದ ಕಡೆಯಿಂದ ಹಡಗಿನಲ್ಲಿ ಬರಬೇಕು. ನಮ್ಮ ಹಾಗೇ ಅನ್ನಿ. ಬೈಲುಗದ್ದೆಗೆ ಮಣ್ಣು ಹಾಕಿ ಅಡಿಕೆ ನೆಟ್ಟು, ಈಗ ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುವವರು ನಾವೇ. ನನ್ನ ಗದ್ದೆಯೂ ಹಾಗೇ ಹೋಯಿತು, ಬೇರೆಯವರನ್ನು ದೂರುವುದಿಲ್ಲ.

ಆ ಧಾನ್ಯದ ಹಡಗುಗಳು ಹೆಲೆಸ್ಪಾಂಟ್ ಎಂಬ ಇಕ್ಕಟ್ಟಾದ ಜಲಸಂಧಿ ದಾಟಿ ಬರಬೇಕಿತ್ತು. ಅದನ್ನು ಹಿಡಿದರೆ ಪಟ್ಟಣದ ಕುತ್ತಿಗೆ ಹಿಡಿದ ಹಾಗೆ. ಕ್ರಿ.ಪೂ. 405ರಲ್ಲಿ ಅಥೆನ್ಸಿನ ವೈರಿ ಪಟ್ಟಣ ಸ್ಪಾರ್ಟಾದ ಸೇನಾಪತಿ ಲೈಸಾಂಡರ್ ಅಲ್ಲಿಗೆ ಬಂದ. ಲ್ಯಾಂಪ್ಸಕಸ್ ಎಂಬ ಊರು ಹಿಡಿದು ಅಲ್ಲೇ ಬೀಡುಬಿಟ್ಟ. ಊರು ಅಂದಮೇಲೆ ಊಟ, ನೀರು ಎಲ್ಲ ಕೈಗೆಟುಕುವಲ್ಲೇ. ಎದುರು ದಡದಲ್ಲಿ ಅಥೆನ್ಸಿನ ಸುಮಾರು 180 ಹಡಗುಗಳು. ಅವರು ನಿಂತ ಜಾಗದ ಹೆಸರು ಈಗೊಸ್‌ಪೊಟಾಮಿ, ಅಂದರೆ ಮೇಕೆ ಹೊಳೆ. ಹೆಸರು ಚೆಂದ, ಆದರೆ ಬರೀ ಮರಳು. ಅಂಗಡಿ ಇಲ್ಲ, ಸಂತೆ ಇಲ್ಲ. ಊಟದ ಸಾಮಾನಿಗೆ ಸೆಸ್ಟೋಸ್ ಊರಿಗೇ ಹೋಗಬೇಕು. ಹತ್ತಿರದಲ್ಲೇ ಇದ್ದ ಅಲ್ಸಿಬಿಯಾಡಿಸ್ ಎಂಬ ಅಥೆನ್ಸಿನ ಹಳೇ ಸೇನಾಪತಿ ಬಂದು, "ಇಲ್ಲಿ ಬೇಡ, ಸೆಸ್ಟೋಸಿಗೇ ಹೋಗಿ ನಿಲ್ಲಿ" ಅಂತ ಹೇಳಿದ. ಊರಿನಿಂದ ಹೊರಗಾದ ಮನುಷ್ಯ. ಅವನ ಮಾತು ಯಾರು ಕೇಳುತ್ತಾರೆ? ರಾಜಕೀಯ ಅಂದರೆ ಇದೇ ನೋಡಿ. ಮಾತು ಸರಿಯೋ ತಪ್ಪೋ ಆಮೇಲೆ, ಹೇಳಿದವನು ಯಾವ ಪಾರ್ಟಿ ಅಂತ ಮೊದಲು.

ನಾಲ್ಕು ದಿನ ಅಥೆನ್ಸಿನವರು ಬೆಳಿಗ್ಗೆ ಬಂದು ಯುದ್ಧಕ್ಕೆ ಕರೆದರು. ಲೈಸಾಂಡರ್ ಅಲ್ಲಾಡಲಿಲ್ಲ. ಇವರು ವಾಪಸ್ಸಾಗಿ ಸಾಮಾನಿಗೆ ಚದುರಿದರು. ಐದನೇ ದಿನವೂ ಹಾಗೇ ಚದುರಿದಾಗ ಅವನು ದಾಟಿ ಬಂದ. ಹಡಗುಗಳಿವೆ, ಹುಟ್ಟು ಹಾಕುವವರಿಲ್ಲ. ಹತ್ತಿರ ಹತ್ತಿರ 170 ಹಡಗು ದಡದಲ್ಲೇ ಸಿಕ್ಕಿಬಿದ್ದವು. ಮರುವರ್ಷ ಅಥೆನ್ಸ್ ಹಸಿವಿನಿಂದ ಶರಣಾಯಿತು. ದೊಡ್ಡ ಸಾಮ್ರಾಜ್ಯ ಒಂದು ಜಿನಸಿನ ಅಂಗಡಿ ಇಲ್ಲದೆ ಮುಳುಗಿತು ಅಂದರೆ ಕೆಲವರಿಗೆ ಕೋಪ ಬರುತ್ತದೆ. ಬರಲಿ.

ನಮ್ಮ ಕರಾವಳಿಗೆ ಬರೋಣ. ಪೋರ್ಚುಗೀಸರ ಗೋವೆಗೆ ಅಕ್ಕಿಯ ದೊಡ್ಡ ಪಾಲು ಹೋಗುತ್ತಿದ್ದದ್ದು ಹೊನ್ನಾವರ, ಬಸ್ರೂರು, ಮಂಗಳೂರು ಬಂದರುಗಳಿಂದ. ಮೂರೂ ಕಡೆ ಅವರ ಕೋಟೆ. ಮೆಣಸಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅಕ್ಕಿಯನ್ನು ಯಾರೂ ಅಷ್ಟು ನೆನೆಯುವುದಿಲ್ಲ. ಮೆಣಸು ಮಾರಲಿಕ್ಕೆ, ಅಕ್ಕಿ ಬದುಕಲಿಕ್ಕೆ. 1654ರ ಹೊತ್ತಿಗೆ ಈ ಮೂರೂ ಕೋಟೆಗಳು ಕೆಳದಿಯ ಶಿವಪ್ಪ ನಾಯಕನ ಕೈ ಸೇರಿದವು. ಬೇಕಲ ಕಟ್ಟಿಸಿದವನೂ ಅವನೇ ಅನ್ನುತ್ತಾರೆ.

ಅವನಿಗೆ ದುಡ್ಡು ಎಲ್ಲಿಂದ ಬಂತು? ಈಗ ಶಿಸ್ತು ಅಂದರೆ ಶಾಲೆಯಲ್ಲಿ ಸಾಲಾಗಿ ನಿಲ್ಲುವುದು. ಆಗ ಶಿವಪ್ಪ ನಾಯಕನ ಶಿಸ್ತು ಅಂದರೆ ತೀರ್ವೆ, ಅಂದರೆ ನೆಲದ ಕಂದಾಯ. ನೆಲವನ್ನು ತರತರ ಮಾಡಿ, 12 ವರ್ಷ ಬೆಳೆಯ ಲೆಕ್ಕ ಇಟ್ಟು, ಮೂರರಲ್ಲಿ ಒಂದು ಪಾಲು ಸರಕಾರಕ್ಕೆ ಅಂತ ಗೊತ್ತುಮಾಡಿದ. ಹನ್ನೆರಡು ವರ್ಷ! ಒಂದು ಮಳೆಗಾಲದ ಅಡಿಕೆ ಲೆಕ್ಕ ಸರಿಯಾಗಿ ಇಡಲಿಕ್ಕೆ ನನ್ನಿಂದ ಆಗಿಲ್ಲ. ಕೌಟಿಲ್ಯನೂ ರಾಜ್ಯದ ಏಳು ಅಂಗ ಎಣಿಸುವಾಗ ಕೋಶವನ್ನು, ಅಂದರೆ ಖಜಾನೆಯನ್ನು, ಐದನೆಯದಾಗಿ ಇಟ್ಟು, ದಂಡು ಆರನೆಯದು ಅಂದ. ಅಂಗಡಿಯವನಿಗೆ ಒಪ್ಪುವ ಕ್ರಮ.

ಕೊನೆಗೆ ಒಂದು ಬೇಡಿಕೆ ಇದೆ. ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಗೇಣಿ ಲೆಕ್ಕದ ಪುಸ್ತಕ ಸಿಕ್ಕಿತು. ಯಾವ ಗದ್ದೆಯಿಂದ ಎಷ್ಟು ಮುಡಿ ಬಂತು, ಎಷ್ಟು ಬಾಕಿ, ಎಲ್ಲ ಇದೆ. 1970ರಲ್ಲಿ ಕೇರಳದಲ್ಲಿ ಗೇಣಿ ಹೋಯಿತು, ಪುಸ್ತಕ ಉಳಿಯಿತು. ಅರ್ಧ ಗೆದ್ದಲು ತಿಂದಿದೆ. ನಿಮ್ಮ ಅಟ್ಟದಲ್ಲೂ ಅಂಥದ್ದು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಆದಿತ್ಯವಾರ ಅಂಗಡಿ ರಜೆ, ನಾನೇ ಬಂದು ಓದಿಕೊಂಡು ಹೋಗುತ್ತೇನೆ.